ದಮಯಂತಿ ಟೀಚರ್ ಗೆರೆ ಎಳೆದ ಮನೆಗಳು

ಬಿಟ್ಟಿಯಾಗಿ ಕೆಲಸ ಮಾಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅನುಮಾನ. ಅವರಿಂದ ಬಿಟ್ಟಿಯಾಗಿ ಕೆಲಸ ಮಾಡಿಸಿಕೊಳ್ಳುವವರ ಮೇಲೆ ಇನ್ನೂ ಹೆಚ್ಚು. ರಾಮಕುಂಜದಿಂದ ಸ್ವಲ್ಪ ಒಳಗೆ, ನಮ್ಮ ಊರಿನ ಹಾಲಿನ ಸೊಸೈಟಿಯಲ್ಲಿ ಬಹಳ ವರ್ಷ ಸೆಕ್ರೆಟರಿಯಾಗಿದ್ದವನು ನಾನು. ಹಾಲು ತಂದವರು ನಗುನಗುತ್ತಾ ಮಾತಾಡಿದಷ್ಟೂ ಲ್ಯಾಕ್ಟೋಮೀಟರನ್ನು ಇನ್ನೊಮ್ಮೆ ಮುಳುಗಿಸಿ ನೋಡುತ್ತಿದ್ದೆ. ನಿವೃತ್ತಿಯಾದ ಮೇಲೆ ಲ್ಯಾಕ್ಟೋಮೀಟರ್ ಸೊಸೈಟಿಯಲ್ಲೇ ಉಳಿಯಿತು, ಅಭ್ಯಾಸ ಮಾತ್ರ ಮನೆಗೆ ಬಂತು ಎಂದು ನನ್ನ ಹೆಂಡತಿ ಹೇಳುವುದುಂಟು. ಹಾಗಾಗಿ ನಮ್ಮ ಅಂಗನವಾಡಿಯ ದಮಯಂತಿ ಟೀಚರ್ ಒಂದು ದಿನ, "ಜಗತ್ತಿನ ಬಡತನಕ್ಕೆ ಅಂತ ಆನ್‌ಲೈನಲ್ಲಿ ಸ್ವಲ್ಪ ಕೆಲಸ ಮಾಡ್ತಾ ಇದ್ದೇನೆ" ಎಂದಾಗ ನಾನು ಹೊಗಳಲು ಹೋಗಲಿಲ್ಲ.

"ಅವರಿಗೆ ಎಂತ ಲಾಭ?" ಎಂದು ಕೇಳಿದೆ.

"ಯಾರಿಗೆ?"

"ನಿಮ್ಮತ್ರ ಕೆಲಸ ಮಾಡಿಸುವವರಿಗೆ. ಒಟಿಪಿ ಕೇಳಿದ್ರಾ?"

"ಇಲ್ಲ ಮಾರಾಯ್ರೆ."

"ಇನ್ನು ಕೇಳ್ತಾರೆ," ಎಂದೆ.

ದಮಯಂತಿ ಟೀಚರ್ ಮೂಲತಃ ಕಬಕದವರು. ಕೆಲಸ ಸಿಕ್ಕಿ ನಮ್ಮ ಊರಿಗೆ ಬಂದಾಗ ತೀರಾ ಚಿಕ್ಕ ಪ್ರಾಯ. ಮದುವೆಯಾಗಲಿಲ್ಲ. ಯಾಕೆ ಆಗಲಿಲ್ಲ ಎಂದು ಊರಿನ ಹೆಂಗಸರು ಮೊದಮೊದಲು ತಲೆ ಕೆಡಿಸಿಕೊಂಡಿದ್ದರು, ಆಮೇಲೆ ಅವರ ಮಕ್ಕಳನ್ನೇ ಟೀಚರ ಕೈಗೆ ಕೊಟ್ಟು ಸುಮ್ಮನಾದರು. ಈಗ ಐವತ್ತು ದಾಟಿದೆ. ಅಂಗನವಾಡಿಯ ಹಿಂದೆಯೇ, ನಮ್ಮ ಮನೆಗೆ ಕೂಗಿದರೆ ಕೇಳುವಷ್ಟು ಹತ್ತಿರ, ಒಂದು ಸಣ್ಣ ಮನೆ. ಟೀಚರ್ ಯಾರ ಮನೆಗೂ ಮುಂಬಾಗಿಲಿನಿಂದ ಹೋದವರಲ್ಲ. ಜೋಳಿಗೆಯ ತಕ್ಕಡಿಯನ್ನು ಹೆಗಲಿಗೆ ಹಾಕಿಕೊಂಡು ನೇರ ಅಡುಗೆಮನೆಯ ಬಾಗಿಲಿಗೆ ಬರುತ್ತಾರೆ, ಕೇಳದೆ ಪಾತ್ರೆಯ ಮುಚ್ಚಳ ಎತ್ತಿ ನೋಡುತ್ತಾರೆ, ಮಗುವನ್ನು ಎತ್ತಿಕೊಂಡು ಜೋಳಿಗೆಯಲ್ಲಿ ಹಾಕಿ ತೂಗುತ್ತಾರೆ. ಅತ್ತೆ ಸೊಸೆಗೆ ಮೊಟ್ಟೆ ಕೊಡುತ್ತಾಳೋ ಇಲ್ಲವೋ ಎಂಬುದು ಊರಿಗೆ ಗೊತ್ತಾಗುವ ಮೊದಲು ಟೀಚರಿಗೆ ಗೊತ್ತಾಗುತ್ತದೆ. ಅದನ್ನು ಊರಿಗೆ ಹೇಳುವುದಿಲ್ಲ, ಅತ್ತೆಗೇ ಹೇಳುತ್ತಾರೆ. ಇದು ಅವರ ಗುಣ. ಬೈಸಿಕೊಂಡ ಅತ್ತೆಯರೂ ಮರುದಿನ ಅದೇ ಬಾಗಿಲು ತೆರೆದಿಡುತ್ತಿದ್ದರು.

ಎರಡು ಮಳೆಗಾಲದ ಹಿಂದೆ ಅಂಗನವಾಡಿಯ ಮೆಟ್ಟಿಲಿನ ಪಾಚಿಯಲ್ಲಿ ಜಾರಿ ಬಿದ್ದು ಟೀಚರ ಕಾಲಿಗೆ ಪ್ಲಾಸ್ಟರ್ ಆಯಿತು. ಮಂಗಳೂರಿನಲ್ಲಿ ಸಮಾಜಕಾರ್ಯ ಓದುತ್ತಿದ್ದ ಅವರ ಅಕ್ಕನ ಮಗಳು ಪ್ರೀತಿಕಾ ತನ್ನ ಹಳೆಯ ಲ್ಯಾಪ್‌ಟಾಪ್ ತಂದುಕೊಟ್ಟು, ಸುಮ್ಮನೆ ಸೀರಿಯಲ್ ನೋಡುವ ಬದಲು ಇದನ್ನು ಮಾಡಿ ಚಿಕ್ಕಮ್ಮ ಎಂದು ಆ ಕೆಲಸ ಕಲಿಸಿ ಹೋದಳಂತೆ. ಕೆಲಸ ಇಷ್ಟೇ. ಪರದೆಯ ಮೇಲೆ ಆಕಾಶದಿಂದ ತೆಗೆದ ಒಂದು ಚಿತ್ರ ಬರುತ್ತದೆ. ಅದರಲ್ಲಿ ಎಲ್ಲೆಲ್ಲಿ ಮನೆಯ ಮಾಡು, ಅಂದರೆ ಚಾವಣಿ, ಕಾಣುತ್ತದೋ ಅದರ ಸುತ್ತ ಗೆರೆ ಎಳೆಯಬೇಕು. ಯಾವ ನಕ್ಷೆಯಲ್ಲೂ ಇಲ್ಲದ ಬಡ ಊರುಗಳು ಅವು. ಲಸಿಕೆ, ಧಾನ್ಯ, ಔಷಧ ಹೊತ್ತು ಹೋಗುವವರಿಗೆ ಮನೆ ಎಲ್ಲಿದೆ ಎಂದು ಗೊತ್ತಾಗಬೇಕಲ್ಲ, ಅದಕ್ಕೆ ಈ ಗೆರೆ. ಟೀಚರಿಗೆ ಬಂದದ್ದು ಆಫ್ರಿಕದ ಮೊಜಾಂಬಿಕ್ ಎಂಬ ದೇಶದ ಒಂದು ಮೂಲೆ.

ನಾನು ಹೋಗಿ ನೋಡಿದೆ. ಲ್ಯಾಪ್‌ಟಾಪಿನಲ್ಲಿ ಕೆಂಪು ಮಣ್ಣು, ಹಸಿರು, ನಡುನಡುವೆ ತಗಡಿನ ಮಾಡುಗಳು. ಟೀಚರ್ ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ ಒಂದೊಂದಕ್ಕೆ ಗೆರೆ ಹಾಕುತ್ತಿದ್ದರು. ಅವರು ಹಾಕಿದ ಗೆರೆಯನ್ನು ಬೇರೆ ದೇಶದ ಇನ್ಯಾರೋ ಪರೀಕ್ಷೆ ಮಾಡುತ್ತಾರಂತೆ. ಒಮ್ಮೆ ದೊಡ್ಡ ಬಂಡೆಯನ್ನು ಮನೆ ಎಂದು ಗುರುತಿಸಿ ಟೀಚರ್ ಸಿಕ್ಕಿಬಿದ್ದರು. ಅದನ್ನು ನನಗೆ ಹೇಳುವಾಗ, ಸೂಪರ್‌ವೈಸರ್ ಬಂದ ದಿನ ಬೇಳೆ ಸೀದುಹೋದಷ್ಟು ನಾಚಿಕೆಪಟ್ಟರು. ಕಾಲು ಗುಣವಾದ ಮೇಲೂ ಬಿಡಲಿಲ್ಲ. ಸಂಜೆ ನಾಲ್ಕಕ್ಕೆ ಮಕ್ಕಳು ಹೋದ ನಂತರ ಅಂಗನವಾಡಿಯ ಮೇಜಿನಲ್ಲೇ ಕೂತು ಗೆರೆ ಎಳೆಯುತ್ತಿದ್ದರು. ನಾನು ಹೋದಾಗಲೆಲ್ಲ ಒಟಿಪಿ ಕೇಳಿದರಾ ಎಂದು ವಿಚಾರಿಸುತ್ತಿದ್ದೆ. ಕೇಳಿರಲಿಲ್ಲ. ಇದರಿಂದ ನನ್ನ ಅನುಮಾನ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ಇಷ್ಟರಲ್ಲಿ ದುಗ್ಗಪ್ಪ ಗೌಡರು ಅದನ್ನು ನೋಡಿದರು.

ದುಗ್ಗಪ್ಪ ಗೌಡರು ಸುಳ್ಯದ ಕಡೆಯಿಂದ ಬಂದು ನಮ್ಮ ಗುಡ್ಡೆಯ ತಲೆಯಲ್ಲಿ ನೆಲೆಸಿದವರು. ಅವರ ಮನೆಮಾತು ಅರೆಭಾಷೆ, ನಮ್ಮದು ತುಳು, ಟೀಚರ ಎದುರು ಮಾತ್ರ ಎಲ್ಲರೂ ಕನ್ನಡ. ಅವರ ಬಗ್ಗೆ ಹೇಳುವ ಮೊದಲು, ನಮ್ಮ ಜಿಲ್ಲೆಯವರಲ್ಲದವರಿಗೆ ಕುಮ್ಕಿ ಎಂದರೆ ಏನೆಂದು ಹೇಳಬೇಕು. ಕೃಷಿಕನ ಪಟ್ಟಾ ಜಾಗಕ್ಕೆ ತಾಗಿಕೊಂಡಿರುವ ಸರಕಾರಿ ಜಾಗ ಅದು. ಅಲ್ಲಿಂದ ಸೊಪ್ಪು ಸೌದೆ ತರಬಹುದು, ದನ ಮೇಯಿಸಬಹುದು, ಮನೆ ಕಟ್ಟುವ ಹಾಗಿಲ್ಲ. ಕಟ್ಟುವ ಹಾಗಿಲ್ಲವೆಂದು ಎಲ್ಲರಿಗೂ ಗೊತ್ತು, ಕಟ್ಟಿದ್ದಾರೆಂದೂ ಎಲ್ಲರಿಗೂ ಗೊತ್ತು. ನನ್ನ ದನದ ಹಟ್ಟಿಯ ಅರ್ಧ ಭಾಗ ಕುಮ್ಕಿಯಲ್ಲಿದೆ. ದುಗ್ಗಪ್ಪ ಗೌಡರು ಮಗ ಸುಜಯನ ಮದುವೆಗೆ ಮೊದಲು ಕಟ್ಟಿಸಿದ ತಗಡಿನ ಮನೆ ಪೂರ್ತಿ ಕುಮ್ಕಿಯಲ್ಲಿದೆ, ಸುತ್ತ ಗೇರುಮರ. ನಮ್ಮಲ್ಲಿ ಒಬ್ಬನ ಕುಮ್ಕಿಯ ಬಗ್ಗೆ ಇನ್ನೊಬ್ಬ ಬಾಯಿ ಬಿಡುವುದಿಲ್ಲ. ಹೆಣ್ಣು ಕೊಡುವಾಗ ಮಾತ್ರ ಸ್ವಲ್ಪ ವಿಚಾರಿಸುತ್ತೇವೆ.

ಸುಜಯ ಜೆಸಿಬಿ ಓಡಿಸುವವ, ಕೆಲಸ ಇದ್ದಲ್ಲಿಗೆ ಹೋಗಿ ವಾರಗಟ್ಟಲೆ ಅಲ್ಲೇ ಇರುತ್ತಾನೆ. ಅವನ ಹೆಂಡತಿ ಅಪೇಕ್ಷಾ ಹೆರಿಗೆಯಾಗಿ ಒಂದು ಹೆಣ್ಣುಮಗುವಿನ ತಾಯಿಯಾಗಿದ್ದಳು. ಮಗು ಹುಟ್ಟುವಾಗಲೇ ಸಣ್ಣದು. ಬಾಣಂತಿಗೆ ಬರುವ ಹಿಟ್ಟಿನ ಪೊಟ್ಟಣ ತೆಗೆದುಕೊಂಡು ಹೋಗಲು ದುಗ್ಗಪ್ಪ ಗೌಡರು ಆ ಸಂಜೆ ಅಂಗನವಾಡಿಗೆ ಬಂದಿದ್ದರು. ಟೀಚರ್ ಪೊಟ್ಟಣ ತರಲು ಒಳಗೆ ಹೋದಾಗ ಇವರು ಲ್ಯಾಪ್‌ಟಾಪಿಗೆ ಬಗ್ಗಿದರು. ಕೆಂಪು ಮಣ್ಣು, ಗುಡ್ಡ, ತಗಡಿನ ಮಾಡು, ಅದರ ಸುತ್ತ ಟೀಚರ ಗೆರೆ. ಮೇಲಿನಿಂದ ನೋಡಿದರೂ ಅವರಿಗೆ ಗೇರುಮರದ ಗುರುತು ಸಿಕ್ಕಿತು. ಟೀಚರ್ ತಂದಿಟ್ಟ ಪೊಟ್ಟಣವನ್ನು ಮೇಜಿನ ಮೇಲೆಯೇ ಬಿಟ್ಟು ಹೊರಟೇಹೋದರು.

ಮರುದಿನ ನಮ್ಮ ಜಗಲಿಗೆ ಬಂದು ಕೂತು ಹೇಳಿದರು. "ಸೆಕ್ರೆಟ್ರಿಯವ್ರೆ, ಟೀಚರ್ ನಮ್ಮ ಕುಮ್ಕಿಗೆ ಗೆರೆ ಹಾಕ್ತಾ ಇದ್ದಾರೆ. ಕಣ್ಣಾರೆ ಕಂಡೆ."

"ಅದು ಆಫ್ರಿಕ ಅಂತೆ ದುಗ್ಗಪ್ಪಣ್ಣ."

"ಆಫ್ರಿಕದಲ್ಲಿ ಗೇರುಮರ ಉಂಟಾ? ನಾನು ನೆಟ್ಟ ಮರ ನನಗೆ ಗುರ್ತ ಸಿಕ್ಕುದಿಲ್ವಾ? ಸಂಬಳ ಕೊಡುದು ಸರಕಾರ. ಮನೆ ಮನೆ ಒಳಗೆ ಹೋಗ್ಲಿಕ್ಕೆ ಅವ್ರಿಗೆ ಮಾತ್ರ ಬಿಡ್ತೇವೆ. ಇದು ಬೇರೆ ಯಾರಿಗೂ ಆಗುವ ಕೆಲಸ ಅಲ್ಲ."

ಆ ಮಾತಿನಲ್ಲಿ ತರ್ಕವಿತ್ತು. ನಾನು ಅವರನ್ನು ನಂಬಲಿಲ್ಲ, ಆದರೆ ಅವರು ಹೋದ ಮೇಲೆ ಹಟ್ಟಿಯ ಹಿಂದೆ ಹೋಗಿ ಆಕಾಶ ನೋಡಿದೆ. ನಮ್ಮ ಹಟ್ಟಿಯ ಮಾಡು ಎಷ್ಟು ಹೊಳೆಯುತ್ತಿದೆ ಎಂದು ಅವತ್ತೇ ಗಮನಿಸಿದ್ದು.

ಸುದ್ದಿ ಹರಡಿತು. ಯಾರೂ ಟೀಚರೊಡನೆ ಜಗಳ ಮಾಡಲಿಲ್ಲ, ನಮ್ಮವರ ಕ್ರಮ ಅದಲ್ಲ. ಎಲ್ಲರೂ ಅತ್ಯಂತ ಮರ್ಯಾದೆಯಿಂದ ಅಡುಗೆಮನೆಯ ಬಾಗಿಲು ಮುಚ್ಚಿದರು. ಮಗು ಈಗಷ್ಟೇ ಮಲಗಿತು ಟೀಚರೇ. ಮಗು ಅಜ್ಜಿಮನೆಗೆ ಹೋಗಿದೆ ಟೀಚರೇ. ಮುಂದಿನ ವಾರ ನಾವೇ ಕರೆದುಕೊಂಡು ಬರುತ್ತೇವೆ ಟೀಚರೇ. ಜಗಲಿಯಲ್ಲಿ ಕುರ್ಚಿ ಹಾಕಿ ಕೂರಿಸಿ ಬೆಲ್ಲ ನೀರು ಕೊಟ್ಟು ಕಳಿಸುತ್ತಿದ್ದರು. ಇಷ್ಟು ವರ್ಷದಲ್ಲಿ ಟೀಚರಿಗೆ ಯಾರೂ ಕುರ್ಚಿ ಹಾಕಿದ್ದಿಲ್ಲ. ದುಗ್ಗಪ್ಪ ಗೌಡರು ಅಷ್ಟನ್ನೂ ಮಾಡಲಿಲ್ಲ. ಗುಡ್ಡೆ ಹತ್ತುವ ದಾರಿಯ ಗೇಟಿಗೆ ಸರಪಳಿ ಬಿಗಿದು ನಾಯಿಯನ್ನು ಬಿಟ್ಟರು.

ಟೀಚರ್ ಮೊದಲು ನಕ್ಕರು. ಆಮೇಲೆ ಸಿಟ್ಟಾದರು. ಆಮೇಲೆ ಅವರಿಗೆ ಹೆದರಿಕೆ ಶುರುವಾಯಿತು. ಹೆದರಿಕೆ ತನ್ನ ಬಗ್ಗೆ ಅಲ್ಲ, ಗುಡ್ಡೆಯ ಮೇಲಿನ ಆ ಮಗುವಿನ ಬಗ್ಗೆ. ಬೇರೆ ಮಕ್ಕಳು ಗುಂಡುಕಲ್ಲಿನ ಹಾಗಿದ್ದವು, ಒಂದೆರಡು ತಿಂಗಳು ತೂಗದಿದ್ದರೂ ನಡೆಯುತ್ತದೆ. ಈ ಮಗುವನ್ನು ಬಿಡುವ ಹಾಗಿರಲಿಲ್ಲ. ಕೊನೆಯ ಸಲ ತೂಗಿದಾಗಲೇ ಏರಬೇಕಾದಷ್ಟು ಏರಿರಲಿಲ್ಲ. ಆ ಹೊತ್ತಿಗೆ ನನ್ನ ಹೆಂಡತಿ ಗುಡ್ಡೆಗೆ ಸೊಪ್ಪಿಗೆ ಹೋದವಳು ಬಾವಿಕಟ್ಟೆಯಲ್ಲಿ ಅಪೇಕ್ಷಾಳನ್ನು ಕಂಡು ಬಂದು ಹೇಳಿದಳು.

"ಮಗುವಿನ ಕೈ ನೋಡ್ಲಿಕ್ಕೆ ಆಗುದಿಲ್ಲ. ಕಡ್ಡಿ. ಕೂಗ್ಲಿಕ್ಕೂ ಶಕ್ತಿ ಇಲ್ಲ ಅದಕ್ಕೆ."

ಅದನ್ನು ಟೀಚರಿಗೆ ಮುಟ್ಟಿಸಿದವಳೂ ಅವಳೇ. ಟೀಚರ್ ನಮ್ಮ ಮನೆಗೆ ಬಂದರು, ಮುಂಬಾಗಿಲಿನಿಂದ.

"ನೀವು ನನ್ನೊಟ್ಟಿಗೆ ಗುಡ್ಡೆಗೆ ಬರ್ಬೇಕು," ಎಂದರು.

ಬರುತ್ತೇನೆ ಎನ್ನುವ ಮೊದಲು ನಾನು ಕೇಳಿಯೇ ಬಿಟ್ಟೆ. "ಟೀಚರೇ, ಸತ್ಯ ಹೇಳಿ. ನಮ್ಮ ಹಟ್ಟಿಗೆ ಗೆರೆ ಹಾಕಿದ್ದೀರಾ?"

ಅವರು ನನ್ನನ್ನು ನೋಡಿದ ರೀತಿಯನ್ನು ನಾನು ವಿವರಿಸುವುದಿಲ್ಲ. "ಇಲ್ಲ," ಎಂದರು. "ಈ ಊರಿನ ಒಂದು ಕೋಳಿಗೂಡಿಗೂ ಹಾಕಲಿಲ್ಲ." ನಾನು ಚಪ್ಪಲಿ ಮೆಟ್ಟಿಕೊಂಡು ಹೊರಟೆ.

ದಾರಿಯುದ್ದಕ್ಕೂ ನಾನು ಬುದ್ಧಿವಾದ ಹೇಳುತ್ತಾ ನಡೆದೆ. ಲ್ಯಾಪ್‌ಟಾಪಿನ ಸುದ್ದಿ ಎತ್ತಬೇಡಿ, ಕೆಲಸ ಬಿಟ್ಟಿದ್ದೇನೆ ಅಂತ ಹೇಳಿ, ಮಗುವನ್ನು ತೂಗಿ ಬನ್ನಿ. ಟೀಚರ್ ನನಗಿಂತ ಮುಂದೆ ಮುಂದೆ ಹತ್ತುತ್ತಿದ್ದರು. ಗೇಟಿನಲ್ಲಿ ನಿಂತು ನಾನು ಕೂಗಿದೆ. ಹಾಲಿನ ಸೊಸೈಟಿಯ ಹಳೆಯ ಸಂಬಂಧಕ್ಕೆ ಮರ್ಯಾದೆ ಕೊಟ್ಟು ದುಗ್ಗಪ್ಪ ಗೌಡರು ನಾಯಿಯನ್ನು ಕಟ್ಟಿದರು. ಜಗಲಿಗೆ ಕರೆದರು, ಒಳಗೆ ಕರೆಯಲಿಲ್ಲ. ಒಳಗಿನ ಬಾಗಿಲಿನ ಮರೆಯಲ್ಲಿ ಅಪೇಕ್ಷಾಳ ಸೀರೆಯ ಅಂಚು ಕಾಣುತ್ತಿತ್ತು.

"ಮಗುವನ್ನು ಒಂದು ಸಲ ತೂಗ್ತೇನೆ ದುಗ್ಗಪ್ಪಣ್ಣ," ಎಂದರು ಟೀಚರ್.

"ತೂಗಿ ಮೊಬೈಲಿಗೆ ಹಾಕ್ತೀರಿ?"

"ಹೌದು. ಇಲಾಖೆಯ ಮೊಬೈಲಿಗೆ ಹಾಕ್ಬೇಕು."

"ಇಲ್ಲಿ ನಿಂತು ಹಾಕಿದ್ರೆ ಈ ಜಾಗ ಅದರಲ್ಲಿ ಬರ್ತದಾ?"

ನಾನು ಟೀಚರ ಮುಖ ನೋಡಿದೆ. ಇಲ್ಲ ಎನ್ನಬಹುದಿತ್ತು. ನಾನಾಗಿದ್ದರೆ ಎನ್ನುತ್ತಿದ್ದೆ, ಆಮೇಲೆ ನೋಡಿಕೊಳ್ಳುತ್ತಿದ್ದೆ.

"ಬರ್ತದೆ," ಎಂದರು ಟೀಚರ್.

"ನೋಡಿದ್ರಾ ಸೆಕ್ರೆಟ್ರಿಯವ್ರೆ," ಎಂದು ದುಗ್ಗಪ್ಪ ಗೌಡರು ನನ್ನ ಕಡೆ ತಿರುಗಿದರು. ಸಿಟ್ಟಿನಿಂದಲ್ಲ, ತನ್ನ ಮಾತು ಸರಿಯಾಯಿತೆಂಬ ಬೇಸರದಿಂದ. "ಈ ಮನೆ ಹೋದ್ರೆ ನನ್ನ ಮಗ ಎಲ್ಲಿಗೆ ಹೋಗುದು? ಪಟ್ಟಾ ಜಾಗ ಇರುದು ತಮ್ಮನ ಪಾಲಿಗೆ. ನನಗೆ ಉಳಿದದ್ದು ಇಷ್ಟೇ. ಮತ್ತೆ ಆ ಆಫ್ರಿಕದ ಕತೆ ಬೇರೆ. ಗೇರುಮರ ಇರುವ ಆಫ್ರಿಕ."

ಆಗ ಬಾಗಿಲಿನ ಮರೆಯಿಂದ ಅಪೇಕ್ಷಾ ಮಾತಾಡಿದಳು, ಅರೆಭಾಷೆಯಲ್ಲಿ, ಮೆಲ್ಲಗೆ. ಮದುವೆಗೆ ಮೊದಲು ಅವಳು ಪುತ್ತೂರಿನ ಕಡೆ ಗೇರುಬೀಜದ ಫ್ಯಾಕ್ಟರಿಯಲ್ಲಿ ಸಿಪ್ಪೆ ತೆಗೆಯುವ ಕೆಲಸ ಮಾಡಿದವಳು. ಊರಿನ ಬೀಜ ಮುಗಿದ ಮೇಲೆ ಅಲ್ಲಿಗೆ ಹಡಗಿನಲ್ಲಿ ಹೊರದೇಶದ ಬೀಜ ಬರುತ್ತಿತ್ತಂತೆ. ಆ ಗೋಣಿಗಳ ಮೇಲೆ ಮೊಜಾಂಬಿಕ್ ಎಂದು ಬರೆದದ್ದನ್ನು ಅವಳು ಎಷ್ಟೋ ಸಲ ಓದಿದ್ದಳು. ಅಲ್ಲಿ ಗೇರುಮರ ಉಂಟು ಮಾವ, ನಮ್ಮದಕ್ಕಿಂತ ಜಾಸ್ತಿ ಉಂಟು, ಎಂದಳು. ಟೀಚರ್ ಸುಳ್ಳು ಹೇಳಲಿಲ್ಲ ಎಂದೂ ಸೇರಿಸಿದಳು.

ದುಗ್ಗಪ್ಪ ಗೌಡರು ಸೊಸೆಯ ಕಡೆಯಿಂದ ಮುಖ ತಿರುಗಿಸಿದರು. ಮತ್ತೆ ಟೀಚರನ್ನು ಕೇಳಿದರು. "ಆಯ್ತು, ಆಫ್ರಿಕವೇ ಇರ್ಲಿ. ಆ ಮನೆಯವರಿಗೆ ಗೊತ್ತುಂಟಾ, ನೀವು ಇಲ್ಲಿ ಕೂತು ಅವರ ಮಾಡು ನೋಡುದು?"

ಟೀಚರ್ ಹೆಗಲಿನಿಂದ ಅರ್ಧ ಇಳಿಸಿದ್ದ ತಕ್ಕಡಿಯನ್ನು ಮತ್ತೆ ಹೆಗಲಿಗೆ ಏರಿಸಿದರು. ಮಗುವನ್ನು ತೂಗಲು ದುಗ್ಗಪ್ಪ ಗೌಡರು ಬಿಡಲಿಲ್ಲ. ನಾವು ಬಂದ ದಾರಿಯಲ್ಲೇ ಇಳಿದೆವು. ಗೇಟು ದಾಟಿದ ಮೇಲೆ ಟೀಚರ್ ಅತ್ತರು. ತಕ್ಕಡಿಯ ಜೋಳಿಗೆಯಿಂದಲೇ ಕಣ್ಣು ಒರೆಸಿಕೊಂಡು, "ಒಳಗಿಂದ ಮಗುವಿನ ಸ್ವರವೇ ಬರ್ಲಿಲ್ಲ, ನೀವು ಗಮನಿಸಿದ್ರಾ?" ಎಂದು ಕೇಳಿದರು. ನಾನು ಗಮನಿಸಿದ್ದೆ. ನನಗೆ ಅವರ ಮೇಲೂ ಸಿಟ್ಟು ಬಂದಿತ್ತು. ಒಂದು ಸುಳ್ಳು ಹೇಳಿದ್ದರೆ ಮುಗಿಯುತ್ತಿತ್ತಲ್ಲ.

ಮರುದಿನ ಬೆಳಿಗ್ಗೆ ಮಕ್ಕಳು ಬರುವ ಮೊದಲೇ ದುಗ್ಗಪ್ಪ ಗೌಡರು ಅಂಗನವಾಡಿಯ ಬಾಗಿಲಿನಲ್ಲಿದ್ದರು. ಹೆಗಲ ಮೇಲೆ ಬೈರಾಸಿನ ಬಟ್ಟೆಯಲ್ಲಿ ಸುತ್ತಿದ ಮಗು, ಹಿಂದೆ ಅಪೇಕ್ಷಾ. ಗುಡ್ಡೆಯ ಇಳಿಜಾರು ದಾರಿಯನ್ನು ಆ ಪ್ರಾಯದಲ್ಲಿ ಮಗುವನ್ನು ಎತ್ತಿಕೊಂಡು ಇಳಿದದ್ದರಿಂದ ಏದುಸಿರು ಬಿಡುತ್ತಿದ್ದರು. ನಾನು ಹೂವಿಗೆ ಹೋದವನು ಬೇಲಿಯ ಈಚೆಯಿಂದ ಎಲ್ಲವನ್ನೂ ನೋಡಿದೆ.

"ಇಲ್ಲಿ ನಿಂತು ಹಾಕಿದ್ರೆ ಇಲ್ಲಿಯದ್ದೇ ಜಾಗ ಬರುದಲ್ಲ?" ಎಂದು ಕೇಳಿದರು.

"ಇಲ್ಲಿಯದ್ದೇ," ಎಂದರು ಟೀಚರ್.

"ಹಾಗಾದ್ರೆ ತೂಗಿ."

ತೂಗಿದರು. ಟೀಚರ್ ತಕ್ಕಡಿಯ ಮುಳ್ಳನ್ನು ಎರಡೆರಡು ಸಲ ನೋಡಿದರು. ಏನೂ ಬೈಯದೆ, ಅಪೇಕ್ಷಾಳ ಕೈ ಹಿಡಿದುಕೊಂಡು ಇವತ್ತೇ ಪುತ್ತೂರಿಗೆ ಹೋಗಬೇಕು, ಆಸ್ಪತ್ರೆಯಲ್ಲಿ ಇರಬೇಕಾಗುತ್ತದೆ ಎಂದರು. ನನ್ನ ಹೆಂಡತಿ ಒಂದು ಸೀರೆ, ಒಂದು ಚೆಂಬು ಗಂಟು ಕಟ್ಟಿಕೊಟ್ಟಳು. ಆದಂ ಕುಂಞಿಯ ರಿಕ್ಷಾದಲ್ಲಿ ಟೀಚರೂ ಜೊತೆಗೆ ಹೋದರು. ಅಪೇಕ್ಷಾಳ ಹಾಲು ಕಡಿಮೆಯಾಗಿತ್ತು, ಮಗುವಿಗೆ ಒಳಗೆ ಸೋಂಕು ಇತ್ತು. ಇನ್ನು ಸ್ವಲ್ಪ ದಿನ ತಡವಾಗಿದ್ದರೆ ಕಷ್ಟವಿತ್ತು ಎಂದು ಡಾಕ್ಟರು ಹೇಳಿದರಂತೆ. ಅದನ್ನು ದುಗ್ಗಪ್ಪ ಗೌಡರ ಎದುರು ಹೇಳಬೇಡಿ ಎಂದು ಟೀಚರ್ ಡಾಕ್ಟರನ್ನು ಕೇಳಿಕೊಂಡರಂತೆ. ಡಾಕ್ಟರು ಹೇಳದಿದ್ದರೂ ಅವರಿಗೆ ಗೊತ್ತಾಗಿತ್ತು.

ಮಗು ಬದುಕಿ ಬಂತು. ಆಮೇಲೆ ವಾರಕ್ಕೊಮ್ಮೆ ದುಗ್ಗಪ್ಪ ಗೌಡರೇ ಅದನ್ನು ಹೊತ್ತುಕೊಂಡು ಅಂಗನವಾಡಿಗೆ ಇಳಿಯುತ್ತಿದ್ದರು. ಗುಡ್ಡೆಯ ಗೇಟಿನ ಸರಪಳಿಯನ್ನು ಮಾತ್ರ ತೆಗೆಯಲಿಲ್ಲ. ಊರಿನ ಉಳಿದ ಬಾಗಿಲುಗಳು ಒಂದೊಂದಾಗಿ ತೆರೆದವು. ಟೀಚರ್ ಮತ್ತೆ ಕೇಳದೆ ಮುಚ್ಚಳ ಎತ್ತತೊಡಗಿದರು.

ಲ್ಯಾಪ್‌ಟಾಪನ್ನು ಮಾತ್ರ ಅವರು ತೆರೆಯಲಿಲ್ಲ. ಜಗಲಿಯಲ್ಲಿ ಕೇಳಿದ ಆ ಪ್ರಶ್ನೆ ಅವರನ್ನು ಬಿಟ್ಟಿರಲಿಲ್ಲ. ಪ್ರೀತಿಕಾಳಿಂದ ಬರೆಸಿ ಆ ಸಂಸ್ಥೆಯವರನ್ನೇ ಕೇಳಿದರು, ಮನೆಯವರ ಒಪ್ಪಿಗೆ ಉಂಟಾ ಎಂದು. ಊರಿನ ಮುಖಂಡರ ಒಪ್ಪಿಗೆ ಪಡೆದಿದ್ದೇವೆ, ನಿಮ್ಮ ಕಾಳಜಿಗೆ ಧನ್ಯವಾದ ಎಂದು ಉತ್ತರ ಬಂತು. ಟೀಚರ್ ನನಗೆ ತೋರಿಸಿದರು.

"ಮುಖಂಡರ ಒಪ್ಪಿಗೆ," ಎಂದೆ ನಾನು. "ನನ್ನ ಹಟ್ಟಿಗೆ ಗೆರೆ ಹಾಕ್ಲಿಕ್ಕೆ ಪಂಚಾಯತಿನವರು ಒಪ್ಪಿಗೆ ಕೊಟ್ರೆ ನಾನು ಸುಮ್ಮನೆ ಇರ್ತೇನಾ?"

"ಅದೇ," ಎಂದರು ಟೀಚರ್. ಅವರು ನನ್ನ ಅನುಮಾನಕ್ಕೆ ತಲೆಯಾಡಿಸಿದ್ದು ಅದೇ ಮೊದಲು. ಗೆಲುವಾಗಬೇಕಿತ್ತು, ನನಗೆ ಯಾಕೋ ಪಿಚ್ಚೆನಿಸಿತು.

ಮೊನ್ನೆ, ಮಳೆ ಬಿಟ್ಟ ಒಂದು ಸಂಜೆ, ನಾನು ಅಂಗನವಾಡಿಯಲ್ಲಿ ಪೇಪರ್ ಓದುತ್ತಿದ್ದೆ. ಮಗುವನ್ನು ತೂಗಿಯಾಗಿತ್ತು. ಈಗ ಅದಕ್ಕೆ ಕೈಕಾಲು ಬಂದಿದೆ, ಜೋಳಿಗೆಯಲ್ಲಿ ಹಾಕಿದರೆ ಒದೆಯುತ್ತದೆ. ದುಗ್ಗಪ್ಪ ಗೌಡರು ಮಕ್ಕಳ ಪುಟ್ಟ ಬೆಂಚಿನಲ್ಲಿ ಮೊಣಕಾಲು ಎದೆಗೆ ತಾಗುವ ಹಾಗೆ ಕೂತಿದ್ದರು.

"ಆ ಆಫ್ರಿಕದ್ದು ಈಗ ನೋಡುದಿಲ್ವಾ ಟೀಚರೇ?"

"ಇಲ್ಲ. ನೀವು ಕೇಳಿದ್ದು ಸರಿ ಇತ್ತು. ಅವರಿಗೆ ಗೊತ್ತಿಲ್ಲದೆ ನಾವು ನೋಡುದು."

"ಅಲ್ಲಿ ಅಂಗನವಾಡಿ ಎಷ್ಟು ದೂರ ಉಂಟು?"

"ಗೊತ್ತಿಲ್ಲ. ಇಲ್ಲದೆಯೂ ಇರ್ಬಹುದು. ಅದಕ್ಕೇ ತೂಗುವವರು ಮನೆಗೇ ಹೋಗ್ಬೇಕು ಅಂತ ಈ ಗೆರೆ."

ದುಗ್ಗಪ್ಪ ಗೌಡರು ಒದೆಯುತ್ತಿದ್ದ ಮಗುವಿನ ಕಾಲನ್ನು ಹಿಡಿದುಕೊಂಡರು. ಮಳೆ ನಿಂತಿದ್ದರೂ ಮಾಡಿನ ನೀರು ಇಳಿಯುತ್ತಿತ್ತು. ಆಮೇಲೆ ತಲೆ ಎತ್ತದೆ ಹೇಳಿದರು.

"ನನಗೆ ಹೊತ್ತುಕೊಂಡು ಬರ್ಲಿಕ್ಕೆ ನೀವು ಇದ್ರಿ. ಅವ್ರು ಹೊತ್ತುಕೊಂಡು ಎಲ್ಲಿಗೆ ಹೋಗುದು? ಹಾಕಿ ಗೆರೆ." ಮತ್ತೆ ಸೇರಿಸಿದರು, "ನಮ್ಮದಕ್ಕೆ ಬೇಡ."

ಟೀಚರ್ ನನ್ನನ್ನು ನೋಡಿದರು. ನಾನು ಪೇಪರಿನ ಹಿಂದೆ ಹೋದೆ. ಅವರು ಕಪಾಟಿನಿಂದ ಲ್ಯಾಪ್‌ಟಾಪ್ ತೆಗೆದು, ಧೂಳು ಒರೆಸಿ ಮೇಜಿನ ಮೇಲಿಟ್ಟರು. ಚಿತ್ರ ಬಂತು. ದುಗ್ಗಪ್ಪ ಗೌಡರು ಮಗುವನ್ನು ಎತ್ತಿಕೊಂಡು ಪಕ್ಕದಲ್ಲಿ ನಿಂತರು. ಅದು ತನ್ನ ಗುಡ್ಡೆ ಅಲ್ಲವೆಂದು ಖಾತ್ರಿ ಮಾಡಿಕೊಳ್ಳಲು ನಿಂತರೆಂದೇ ನನ್ನ ಅನುಮಾನ. ಟೀಚರ್ ಒಂದು ಮಾಡಿಗೆ ಗೆರೆ ಎಳೆದರು, ಇನ್ನೊಂದಕ್ಕೆ ಎಳೆದರು, ಚಿತ್ರದ ಆ ತುಂಡು ಮುಗಿಯಿತೆಂದು ಮುಂದಕ್ಕೆ ಹೋಗಲು ಕೈ ಇಟ್ಟರು.

"ನಿಲ್ಲಿ," ಎಂದರು ದುಗ್ಗಪ್ಪ ಗೌಡರು. "ಒಂದು ಬಿಟ್ಟಿದ್ದೀರಿ."

"ಎಲ್ಲಿ? ಅಲ್ಲಿ ಬರೀ ಮರ."

"ಮರ ಹೌದು. ಅಲ್ಲಿವರೆಗೆ ಕಾಲುದಾರಿ ಬಂದು ನಿಂತದ್ದು ಕಾಣುದಿಲ್ವಾ? ಜನ ಇಲ್ಲದೆ ದಾರಿ ಆಗ್ತದಾ? ಯಾರೋ ನನ್ನ ಹಾಗೆ ಹೆದರಿ ಮರದ ಅಡಿಯಲ್ಲಿ ಮನೆ ಮಾಡಿಕೊಂಡಿದ್ದಾರೆ." ಅವರು ಪರದೆಗೆ ತಾಗುವಷ್ಟು ಹತ್ತಿರ ಬೆರಳು ಹಿಡಿದರು. "ಇಲ್ಲಿ. ಮೊದಲು ಇವರ ಮನೆಗೆ ಹೋಗ್ಲಿಕ್ಕೆ ಹೇಳಿ."